ಕಚೇರಿಯ ಮೇಲ್‌ಗೆ ಬರಿ ಅಕ್ಷರ ಸಾಕು: ಇ-ಆಡಳಿತ ಇಲಾಖೆಗೆ ಒಂದು ಬಹಿರಂಗ ಪತ್ರ

ಇವರಿಗೆ,
ಪ್ರಧಾನ ಕಾರ್ಯದರ್ಶಿಗಳು,
ಇ-ಆಡಳಿತ ಇಲಾಖೆ, ಕರ್ನಾಟಕ ಸರ್ಕಾರ, ಬೆಂಗಳೂರು

ವಿಷಯ: ಹೊರಗಿನಿಂದ ಕಚೇರಿಗಳಿಗೆ ಬರುವ ಇಮೇಲ್‌ಗಳನ್ನು ಸಿಬ್ಬಂದಿಯ ಕೈಸೇರುವ ಮೊದಲೇ ಬರಿ ಪಠ್ಯಕ್ಕೆ ಇಳಿಸುವ ಬಗ್ಗೆ.

ಮಾನ್ಯರೇ,

ಹೋದ ವರ್ಷ ಮಳೆಗಾಲದ ಒಂದು ಸಂಜೆ ನನ್ನ ತಂಗಿಯ ಗೆಳತಿಯೊಬ್ಬರು ಮನೆಗೆ ಬಂದರು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೋಲ್ಡರು, ಅದರೊಳಗೆ ಕಾರಣ ಕೇಳಿ ನೋಟಿಸು. ಅವರು ಒಂದು ಕಚೇರಿಯಲ್ಲಿ ದ್ವಿತೀಯ ದರ್ಜೆ ಸಹಾಯಕಿ, ಹದಿನಾರು ವರ್ಷದ ಸೇವೆ. ಯಾವ ಕಚೇರಿ ಎಂದು ಇಲ್ಲಿ ಬರೆಯುವುದಿಲ್ಲ, ಎಲ್ಲಿ ಬೇಕಾದರೂ ಆಗಬಹುದಾಗಿದ್ದ ಸಂಗತಿ ಇದು. ನಿರ್ಲಕ್ಷ್ಯದಿಂದ ಅನಧಿಕೃತ ಲಿಂಕ್ ತೆರೆದು ಕಚೇರಿಗೆ ಆರ್ಥಿಕ ನಷ್ಟ ಉಂಟುಮಾಡಿದ್ದಾರೆ ಎಂಬುದು ಅವರ ಮೇಲಿನ ಆರೋಪ.

ಆದದ್ದು ಇಷ್ಟು. ತಿಂಗಳ ಕೊನೆ, ಬಿಲ್ಲುಗಳ ರಾಶಿ. ಆ ನಡುವೆ ಒಂದು ಮೇಲ್ ಬಂತು. ನಿಮ್ಮ ಮೇಲ್‌ಬಾಕ್ಸ್ ತುಂಬಿದೆ, ಸಂಜೆಯೊಳಗೆ ದೃಢೀಕರಿಸದಿದ್ದರೆ ಖಾತೆ ನಿಂತುಹೋಗುತ್ತದೆ ಎಂದಿತ್ತು. ಮೇಲೆ ಲಾಂಛನ, ಕೆಳಗೆ ನೀಲಿ ಬಣ್ಣದ ಗುಂಡಿ, ಗುಂಡಿಯ ಕೆಳಗೆ ಅವರದೇ ಕಚೇರಿಯ ವೆಬ್ ವಿಳಾಸ ಪೂರ್ತಿಯಾಗಿ ಬರೆದಿತ್ತು. ಒತ್ತುವ ಮೊದಲು ವಿಳಾಸ ನೋಡಿ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಇವರು ನೋಡಿದರು. ಅಕ್ಷರಕ್ಷರ ಸರಿಯಾಗಿತ್ತು. ಒತ್ತಿ, ಬಂದ ಪುಟದಲ್ಲಿ ಪಾಸ್‌ವರ್ಡ್ ಕೊಟ್ಟರು. ಎರಡು ದಿನದ ಮೇಲೆ ಇವರ ಖಾತೆಯಿಂದಲೇ ಪಾವತಿ ಮಾಡುವ ವಿಭಾಗಕ್ಕೆ ಒಂದು ಮೇಲ್ ಹೋಯಿತು: ಇಂಥ ಗುತ್ತಿಗೆದಾರರ ಬ್ಯಾಂಕ್ ಖಾತೆ ಬದಲಾಗಿದೆ, ಮುಂದಿನ ಬಿಲ್ಲು ಹೊಸ ಖಾತೆಗೆ. ಗುತ್ತಿಗೆದಾರರು ಹಣ ಬಂದಿಲ್ಲವೆಂದು ಫೋನ್ ಮಾಡಿದಾಗಲೇ ವಿಷಯ ಹೊರಬಿದ್ದದ್ದು. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರು. ಒಂದಷ್ಟು ಹಣ ತಡೆಹಿಡಿಯಲು ಆಯಿತು, ಉಳಿದದ್ದು ಹೋಯಿತು.

ನಾನು ಶಿವಮೊಗ್ಗದ ಒಂದು ಶಿಕ್ಷಣ ಸಂಸ್ಥೆಯಲ್ಲಿ ಇಪ್ಪತ್ತೆರಡು ವರ್ಷ ಮೇಲ್ ಸರ್ವರ್ ನೋಡಿಕೊಂಡು ನಿವೃತ್ತನಾದವನು. ಆ ಮೇಲನ್ನು ಫೈಲಾಗಿ ತರಿಸಿಕೊಂಡು ಅದರ ಒಳಗನ್ನು ಬಿಚ್ಚಿದೆ. ಬಣ್ಣ, ಚಿತ್ರ, ಗುಂಡಿ ಎಲ್ಲ ತೆಗೆದು ಹಾಕಿದಾಗ ಉಳಿದದ್ದು ನಾಲ್ಕು ಸಾಲು. ನಾಲ್ಕನೆಯ ಸಾಲಿನಲ್ಲಿ ಗುಂಡಿ ನಿಜವಾಗಿ ಕರೆದೊಯ್ಯುತ್ತಿದ್ದ ವಿಳಾಸ ಬೆತ್ತಲಾಗಿ ನಿಂತಿತ್ತು. ಎಲ್ಲಿಯದೋ ಊರು ಹೆಸರಿಲ್ಲದ ಒಂದು ತಾಣ, ಅದರ ಮುಂದೆ ಅರ್ಥವಿಲ್ಲದ ಅಕ್ಷರಗಳ ಸರ. ಕಚೇರಿಯ ವಿಳಾಸ ಎಂದು ಅವರು ಓದಿದ್ದು ಅದರ ಮೇಲೆ ಹಚ್ಚಿದ ಚೀಟಿ, ಅಷ್ಟೆ. ಪರದೆ ನೋಡುತ್ತ ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: "ಅಣ್ಣಾ, ಹೀಗೇ ಕಾಣ್ಸಿದ್ದಿದ್ರೆ ನಾನ್ಯಾಕೆ ಒತ್ತುತಿದ್ದೆ?"

ಆ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಅವರಲ್ಲ, ನಾವು, ಮೇಲ್ ವ್ಯವಸ್ಥೆಯನ್ನು ಕಟ್ಟಿ ನಡೆಸುವವರು. ಅದಕ್ಕಾಗಿ ಈ ಪತ್ರ.

ಸರ್ಕಾರಿ ಕಚೇರಿಯ ಟಪಾಲು ವಿಭಾಗವನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಹೊರಗಿನಿಂದ ಬಂದ ಲಕೋಟೆಯನ್ನು ಅಲ್ಲಿ ಬಿಡಿಸುತ್ತಾರೆ, ಆವಕ ವಹಿಯಲ್ಲಿ ನಮೂದಿಸುತ್ತಾರೆ, ಮುದ್ರೆ ಹಾಕುತ್ತಾರೆ. ವಿಷಯ ನಿರ್ವಾಹಕರ ಮೇಜಿಗೆ ಹೋಗುವುದು ಓದುವ ಕಾಗದ ಮಾತ್ರ. ಯಾರೋ ಅಪರಿಚಿತರು ತಂತಿ ಸುತ್ತಿದ ಪೆಟ್ಟಿಗೆ ಕಳಿಸಿದರೆ ಅದನ್ನು ಹಾಗೇ ಗುಮಾಸ್ತರ ಮೇಜಿನ ಮೇಲಿಟ್ಟು "ಹುಷಾರಾಗಿ ತೆರೆಯಿರಿ" ಎಂದು ಯಾವ ಕಚೇರಿಯೂ ಹೇಳುವುದಿಲ್ಲ. ಇಮೇಲ್ ವಿಷಯದಲ್ಲಿ ಮಾತ್ರ ನಾವು ಮಾಡುತ್ತಿರುವುದು ಅದನ್ನೇ. ಎಚ್‌ಟಿಎಂಎಲ್ ಎಂಬ ವೆಬ್ ಪುಟದ ಭಾಷೆಯಲ್ಲಿ ಬರೆದ, ಚಿತ್ರ ತರಿಸಿಕೊಳ್ಳುವ, ಅಡಗಿಸುವ, ತೋರಿಸುವ, ಒಂದು ಹೇಳಿ ಇನ್ನೊಂದು ಕಡೆಗೆ ಒಯ್ಯುವ ಪುಟ್ಟ ಯಂತ್ರವನ್ನು ಇಡಿಯಾಗಿ ಸಿಬ್ಬಂದಿಯ ಮುಂದಿಟ್ಟು, ಕೆಟ್ಟದ್ದಾದರೆ ಅವರಿಗೇ ನೋಟಿಸು ಕೊಡುತ್ತೇವೆ.

ಇಮೇಲ್ ಹುಟ್ಟಿದಾಗ ಹೀಗಿರಲಿಲ್ಲ. 1971ರಲ್ಲಿ ರೇ ಟಾಮ್ಲಿನ್ಸನ್ ಇಂಟರ್ನೆಟ್ಟಿಗೆ ಮೂಲವಾದ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಕಳಿಸಿದ್ದು ಬರಿ ಅಕ್ಷರಗಳನ್ನು. 1982ರಲ್ಲಿ ಬಂದ, ಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮವೂ ಅಕ್ಷರಗಳಿಗಾಗಿಯೇ ಇತ್ತು. ಆದರೆ ಅದು ಏಳು ಬಿಟ್‌ನ ಆಸ್ಕಿ, ಎಂದರೆ ಇಂಗ್ಲಿಷ್ ಲಿಪಿ ಮಾತ್ರ. ಕನ್ನಡಕ್ಕೆ ಅಲ್ಲಿ ಜಾಗವಿರಲಿಲ್ಲ. 1992ರ ಜೂನ್‌ನಲ್ಲಿ ನೆಥಾನಿಯಲ್ ಬೊರೆನ್‌ಸ್ಟೈನ್ ಮತ್ತು ನೆಡ್ ಫ್ರೀಡ್ ಪ್ರಕಟಿಸಿದ ಮೈಮ್ ನಿಯಮ ಆ ಗೋಡೆ ಒಡೆಯಿತು. ಲೋಕದ ಎಲ್ಲ ಲಿಪಿಗಳೂ, ಜೊತೆಗೆ ಚಿತ್ರ, ಧ್ವನಿ, ಕಡತಗಳೂ ಮೇಲ್‌ನಲ್ಲಿ ಹೋಗುವಂತಾಯಿತು. ನಾವು ಕನ್ನಡದಲ್ಲಿ ಮೇಲ್ ಬರೆಯುವುದು ಇವರಿಬ್ಬರ ಉಪಕಾರದಿಂದ. ಮುಂದೆ ಎಚ್‌ಟಿಎಂಎಲ್ ಒಳಬಂದದ್ದೂ ಅದೇ ಬಾಗಿಲಿನಿಂದ. ಈ ಪತ್ರದಲ್ಲಿ ನಾನು ಬೇಡುತ್ತಿರುವುದು ಬಾಗಿಲು ಮುಚ್ಚಿ ಎಂದಲ್ಲ. ಅಕ್ಷರಗಳು ಬರಲಿ, ಯಂತ್ರಗಳು ಹೊಸ್ತಿಲಲ್ಲೇ ನಿಲ್ಲಲಿ.

ಅಪಾಯ ಬೇಗನೆ ತಿಳಿಯಿತು. 1999ರ ನವೆಂಬರಿನಲ್ಲಿ ಬಬಲ್‌ಬಾಯ್ ಎಂಬ ಹುಳು, ಎಂದರೆ ಯಂತ್ರದಿಂದ ಯಂತ್ರಕ್ಕೆ ತಾನೇ ಹರಡುವ ಕೆಟ್ಟ ಪ್ರೋಗ್ರಾಮು, ಕಾಣಿಸಿಕೊಂಡಿತು. ಅದರಲ್ಲಿ ಅಟ್ಯಾಚ್‌ಮೆಂಟೇ ಇರಲಿಲ್ಲ. ಪತ್ರದ ಎಚ್‌ಟಿಎಂಎಲ್ ಮೈಯಲ್ಲೇ ಸ್ಕ್ರಿಪ್ಟ್, ಎಂದರೆ ಓಡಬಲ್ಲ ಆಜ್ಞೆಗಳ ಸಾಲು, ಅಡಗಿತ್ತು. ಔಟ್‌ಲುಕ್ ಎಕ್ಸ್‌ಪ್ರೆಸ್ ಎಂಬ ಮೇಲ್ ಪ್ರೋಗ್ರಾಮಿನ ಮುನ್ನೋಟದಲ್ಲಿ ಕಂಡರೆ ಸಾಕು, ಓಡುತ್ತಿತ್ತು. 2000ದ ಮೇ 4ರಂದು ಫಿಲಿಪೀನ್ಸಿನಿಂದ ಹೊರಟ ಐ ಲವ್ ಯೂ ಹುಳು ಪಠ್ಯದ ಕಡತದಂತೆ ಹೆಸರಿಟ್ಟುಕೊಂಡ ಸ್ಕ್ರಿಪ್ಟ್. 2001ರ ಸೆಪ್ಟೆಂಬರ್ 18ರಂದು ಬಂದ ನಿಮ್ಡಾ ನನಗೆ ಇಂದಿಗೂ ನೆನಪಿದೆ. ಓಡುವ ಪ್ರೋಗ್ರಾಮನ್ನು ಧ್ವನಿಯ ಕಡತವೆಂದು ಸುಳ್ಳು ಹೇಳಿ ಎಚ್‌ಟಿಎಂಎಲ್ ಪತ್ರದೊಳಗೆ ಕೂರಿಸಿದ್ದರು. ಅಂದಿನ ಇಂಟರ್ನೆಟ್ ಎಕ್ಸ್‌ಪ್ಲೋರರ್ ಅದನ್ನು ನಂಬಿ ತಾನೇ ಓಡಿಸುತ್ತಿತ್ತು. ನಮ್ಮ ಲ್ಯಾಬಿನ ಯಂತ್ರಗಳನ್ನು ಒಂದೊಂದಾಗಿ ಕೇಬಲ್ ಕಿತ್ತು, ಸ್ವಚ್ಛ ಮಾಡಿ, ಮತ್ತೆ ಜೋಡಿಸುವಷ್ಟರಲ್ಲಿ ಎರಡು ರಾತ್ರಿ ಕಳೆದಿತ್ತು.

ಅದೆಲ್ಲ ಹಳೆಯ ಕಥೆ, ಈಗಿನ ಮೇಲ್ ಪ್ರೋಗ್ರಾಮುಗಳು ಪತ್ರದೊಳಗಿನ ಸ್ಕ್ರಿಪ್ಟ್ ಓಡಿಸುವುದಿಲ್ಲ ಎಂದು ನಿಮ್ಮ ತಾಂತ್ರಿಕ ಸಲಹೆಗಾರರು ಹೇಳಬಹುದು. ಹೇಳುವುದು ಸರಿ. ವೆಬ್‌ಮೇಲ್‌ಗಳು ಪತ್ರವನ್ನು ತೋರಿಸುವ ಮೊದಲು ಅಪಾಯದ ಭಾಗಗಳನ್ನು ಸೋಸುತ್ತವೆ. ಆದರೆ ಸೋಸುವ ಜರಡಿ ಎಂದರೆ ಅದರ ಪ್ರತಿ ಕಣ್ಣೂ ಸರಿಯಿರಬೇಕು. 2023ರ ಅಕ್ಟೋಬರಿನಲ್ಲಿ ರೌಂಡ್‌ಕ್ಯೂಬ್ ಎಂಬ ವೆಬ್‌ಮೇಲ್‌ನಲ್ಲಿ ಒಂದು ಕಣ್ಣು ಹರಿದದ್ದು ಗೊತ್ತಾಯಿತು. ಎಸ್‌ವಿಜಿ ಎಂಬ ಚಿತ್ರದ ರೂಪದೊಳಗೆ ಸ್ಕ್ರಿಪ್ಟ್ ಅಡಗಿಸಿದ್ದರು. ವಿಂಟರ್ ವೈವರ್ನ್ ಎಂದು ಕರೆಯುವ ಗುಂಪು ಅದನ್ನು ಯುರೋಪಿನ ಸರ್ಕಾರಿ ಕಚೇರಿಗಳ ಮೇಲೆ ಪ್ರಯೋಗಿಸಿದ್ದನ್ನು ಇಸೆಟ್ ಸಂಸ್ಥೆಯ ಸಂಶೋಧಕರು ಪತ್ತೆ ಹಚ್ಚಿದರು. ಅಲ್ಲಿ ಯಾರೂ ಲಿಂಕ್ ಒತ್ತಬೇಕಿರಲಿಲ್ಲ. ಬ್ರೌಸರಿನಲ್ಲಿ ಪತ್ರ ತೆರೆದು ಓದಿದರೆ ಸಾಕು, ಮೇಲ್‌ಬಾಕ್ಸಿನ ಪತ್ರಗಳು ಹೊರಗೆ ಹರಿಯುತ್ತಿದ್ದವು. ಆ ಕಚೇರಿಗಳ ಸಿಬ್ಬಂದಿಗೆ ಎಷ್ಟು ತರಬೇತಿ ಕೊಟ್ಟಿದ್ದರೂ ಏನು ಪ್ರಯೋಜನವಾಗುತ್ತಿತ್ತು? ಪತ್ರ ಓದುವುದೇ ಅವರ ಕೆಲಸ.

ಪತ್ರಗಳಿಗೆ ಬೀಗ ಹಾಕುವ ಗೂಢಲಿಪಿಯ ಮಾತನ್ನು ನಿಮ್ಮ ಇಲಾಖೆ ಆಡುವುದಿದ್ದರೆ 2018ರ ಮೇನಲ್ಲಿ ಬಯಲಾದ ಇಫೇಲ್ ದೋಷವನ್ನೂ ನೋಡಬೇಕು. ಜರ್ಮನಿಯ ಮ್ಯೂನ್‌ಸ್ಟರ್, ಬೋಖುಮ್ ಮತ್ತು ಬೆಲ್ಜಿಯಮ್ಮಿನ ಲ್ಯೂವೆನ್ ವಿಶ್ವವಿದ್ಯಾಲಯಗಳವರು ತೋರಿಸಿದ್ದು ಇದನ್ನು: ಬೀಗ ಹಾಕಿದ ಪತ್ರವನ್ನು ನಡುವೆ ಕದ್ದವನು ಅದರ ಹಿಂದೆ ಮುಂದೆ ಎಚ್‌ಟಿಎಂಎಲ್ ಚಿತ್ರದ ಎರಡು ತುಂಡು ಅಂಟಿಸಿ ಮತ್ತೆ ಕಳಿಸುತ್ತಾನೆ. ಪಡೆದವರ ಪ್ರೋಗ್ರಾಮ್ ಬೀಗ ತೆಗೆಯುತ್ತದೆ. ತೆಗೆದ ಮಾತೆಲ್ಲ ಚಿತ್ರದ ವಿಳಾಸದ ಭಾಗವೆಂದು ತಿಳಿದು, ಚಿತ್ರ ತರಲು ಹೋಗುವ ನೆಪದಲ್ಲಿ ಕಳ್ಳನ ಸರ್ವರಿಗೆ ತಾನೇ ಒಪ್ಪಿಸುತ್ತದೆ. ಬೀಗ ಗಟ್ಟಿಯೇ ಇತ್ತು. ಪತ್ರವನ್ನು ವೆಬ್ ಪುಟದಂತೆ ತೋರಿಸುವ ಚಾಳಿಯೇ ಬಾಗಿಲು ತೆರೆದದ್ದು. ತಕ್ಷಣಕ್ಕೆ ಆ ಸಂಶೋಧಕರು ಕೊಟ್ಟ ಸಲಹೆಗಳಲ್ಲಿ ಎಚ್‌ಟಿಎಂಎಲ್ ತೋರಿಸುವುದನ್ನು ನಿಲ್ಲಿಸಿ ಎಂಬುದೂ ಇತ್ತು.

ಇನ್ನು ಕಣ್ಣಿಗೆ ಕಾಣದ ಒಂದು ಚುಕ್ಕಿಯ ಚಿತ್ರದ ಮಾತು. ಅದನ್ನು ದೂರದ ಸರ್ವರಿನಿಂದ ತರಿಸಿಕೊಳ್ಳುವಂತೆ ಪತ್ರದಲ್ಲಿ ಬರೆದಿರುತ್ತಾರೆ. ಅಧಿಕಾರಿಯೊಬ್ಬರು ಪತ್ರ ತೆರೆದ ಗಳಿಗೆ, ಯಾವ ಸಂಪರ್ಕದಿಂದ ತೆರೆದರು ಎಂಬುದು ಕಳಿಸಿದವನಿಗೆ ಗೊತ್ತಾಗುತ್ತದೆ. ಟೆಂಡರ್ ಹಾಕಿದವರಿಗೆ, ದೂರು ಯಾರ ವಿರುದ್ಧವೋ ಅವರಿಗೆ ಈ ಸುದ್ದಿ ಯಾಕೆ ತಿಳಿಯಬೇಕು?

ಇತ್ತೀಚೆಗೆ ಇನ್ನೊಂದು ಸೇರಿಕೊಂಡಿದೆ. ಉದ್ದದ ಮೇಲ್‌ಗಳನ್ನು ಕೃತಕ ಬುದ್ಧಿಮತ್ತೆಯಿಂದ ಸಂಕ್ಷೇಪ ಮಾಡಿಸಿ ಓದುವ ಅಭ್ಯಾಸ ಹಬ್ಬುತ್ತಿದೆ. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ, ಸೊನ್ನೆ ಅಳತೆಯಲ್ಲಿ ಬರೆದ ಆಜ್ಞೆಯನ್ನು ಮನುಷ್ಯರು ಕಾಣುವುದಿಲ್ಲ, ಯಂತ್ರ ಓದುತ್ತದೆ, ಕೆಲವೊಮ್ಮೆ ಪಾಲಿಸುತ್ತದೆ. ಬಣ್ಣ, ಅಳತೆ, ಅಡಗಿಸುವ ಸೂಚನೆ ಎಲ್ಲವನ್ನೂ ಕಿತ್ತುಹಾಕಿ ಅಕ್ಷರ ಮಾತ್ರ ಉಳಿಸಿದರೆ ಆ ಸಾಲು ಎಲ್ಲರ ಕಣ್ಣಿಗೂ ಬೀಳುತ್ತದೆ.

ಪರಿಹಾರ ಹೊಸದಲ್ಲ, ದುಬಾರಿಯೂ ಅಲ್ಲ. ನಮ್ಮ ಸಂಸ್ಥೆಯಲ್ಲಿ ಮೈಮ್‌ಡಿಫ್ಯಾಂಗ್ ಎಂಬ ಮುಕ್ತ ತಂತ್ರಾಂಶ ಬಳಸುತ್ತಿದ್ದೆವು. ಡಿಫ್ಯಾಂಗ್ ಎಂದರೆ ವಿಷದ ಹಲ್ಲು ಕೀಳುವುದು. ಹೆಸರು ಕೆಲಸಕ್ಕೆ ಒಪ್ಪುತ್ತದೆ. ಪತ್ರ ಇನ್‌ಬಾಕ್ಸ್ ಸೇರುವ ಮೊದಲು ಸರ್ವರಿನ ಬಾಗಿಲಲ್ಲೇ ಅದನ್ನು ಬಿಡಿಸಿ, ಬೇಡದ ಭಾಗ ತೆಗೆದು, ಉಳಿದದ್ದನ್ನು ಒಳಬಿಡುವುದು ಅದರ ಕೆಲಸ. ಇಂದು ಇಂಥವು ಹಲವು ಇವೆ.

ಮಾಡುವಾಗ ಕೆಲವು ಸೂಕ್ಷ್ಮಗಳಿವೆ. ಇವುಗಳಲ್ಲಿ ಒಂದೆರಡನ್ನು ನಾನು ತಪ್ಪು ಮಾಡಿಯೇ ಕಲಿತದ್ದು, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಬಹಳಷ್ಟು ಮೇಲ್‌ಗಳು ಒಂದೇ ಲಕೋಟೆಯಲ್ಲಿ ಎರಡು ಪ್ರತಿ ಹೊತ್ತು ಬರುತ್ತವೆ: ಒಂದು ಬರಿ ಪಠ್ಯ, ಇನ್ನೊಂದು ಎಚ್‌ಟಿಎಂಎಲ್. ಎಚ್‌ಟಿಎಂಎಲ್ ಬಿಸಾಡಿ ಪಠ್ಯ ಉಳಿಸಿದರೆ ಮುಗಿಯಿತು ಎಂದು ನಾನು ಮೊದಲು ಅಂದುಕೊಂಡಿದ್ದೆ. ಎರಡರಲ್ಲೂ ಒಂದೇ ಮಾತಿರಬೇಕೆಂದೇನೂ ಇಲ್ಲ. ಎಷ್ಟೋ ಪತ್ರಗಳ ಪಠ್ಯ ಪ್ರತಿಯಲ್ಲಿ "ನಿಮ್ಮ ಪ್ರೋಗ್ರಾಮ್ ಈ ಪತ್ರ ತೋರಿಸಲಾರದು" ಎಂಬ ಒಂದು ಸಾಲು ಬಿಟ್ಟರೆ ಏನೂ ಇರುವುದಿಲ್ಲ. ಒಬ್ಬ ಪ್ರಾಧ್ಯಾಪಕರಿಗೆ ಸಂದರ್ಶನದ ಕರೆ ಹೀಗೆ ಖಾಲಿ ಪತ್ರವಾಗಿ ತಲುಪಿತ್ತು. ಅಂದಿನಿಂದ ಎಚ್‌ಟಿಎಂಎಲ್ ಪ್ರತಿಯನ್ನೇ ಪಠ್ಯಕ್ಕೆ ಇಳಿಸಿ, ಪ್ರತಿ ಲಿಂಕಿನ ನಿಜವಾದ ವಿಳಾಸವನ್ನು ಅದರ ಪಕ್ಕದಲ್ಲೇ ಬರೆಸಿ ಕೊಡಲು ಶುರು ಮಾಡಿದೆವು. ಲಿಂಕನ್ನು ಒತ್ತಲು ಬಾರದಂತೆ, ಓದಲು ಮಾತ್ರ ಬರುವಂತೆ ಇಟ್ಟೆವು. ನನ್ನ ತಂಗಿಯ ಗೆಳತಿ ಅಂದು ಸಂಜೆ ಕಂಡದ್ದು ಇಂಥ ಪ್ರತಿಯನ್ನೇ.

ಪತ್ರದ ಮೈ ತಿದ್ದಿದರೆ ಕಳಿಸಿದ ಸಂಸ್ಥೆಯ ಡಿಕೆಐಎಂ ಸಹಿ, ಎಂದರೆ ಪತ್ರ ಅವರಿಂದಲೇ ತಿದ್ದದೆ ಬಂದದ್ದು ಎಂದು ತೋರಿಸುವ ಗುರುತು, ಮುರಿಯುತ್ತದೆ. ಆದ್ದರಿಂದ ಸಹಿಯ ಪರೀಕ್ಷೆ ಮೊದಲು, ಇಳಿಸುವುದು ಆಮೇಲೆ. ಪರೀಕ್ಷೆಯ ಫಲಿತಾಂಶವನ್ನು ಪತ್ರದ ತಲೆಯಲ್ಲೇ ನಮೂದಿಸಬೇಕು, ಟಪಾಲಿನ ಮುದ್ರೆಯ ಹಾಗೆ. ಮತ್ತೆ, ಮೂಲ ಪತ್ರವನ್ನು ಎಂದೂ ನಾಶ ಮಾಡಬಾರದು. ಅದನ್ನು ಹಾಗೇ ಬೇರೆ ಕಡೆ ಬೀಗ ಹಾಕಿ ಇಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನಂತೆ ವಿದ್ಯುನ್ಮಾನ ದಾಖಲೆಯನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕಾಗಿ ಬಂದಾಗ ತಿದ್ದಿದ ಪ್ರತಿ ಉಪಯೋಗಕ್ಕೆ ಬಾರದು.

ಅಟ್ಯಾಚ್‌ಮೆಂಟ್ ರೂಪದಲ್ಲಿ ಬರುವ ಎಚ್‌ಟಿಎಂಎಲ್ ಮತ್ತು ಎಸ್‌ವಿಜಿ ಕಡತಗಳನ್ನು ಮರೆಯಬೇಡಿ. ಪತ್ರದ ಮೈಯಿಂದ ಓಡಿಸಿದ್ದು ಹಿತ್ತಲಿನಿಂದ ಬರುವುದು ಹಾಗೆಯೇ.

ಕನ್ನಡದ ಮಾತಿಗೆ ಬರುತ್ತೇನೆ, ಯಾಕೆಂದರೆ ಈ ಕೆಲಸದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅದೇ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಬರೆದ ಕನ್ನಡ ಒಳಗಿನಿಂದ ಕನ್ನಡವಲ್ಲ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದು. ಪತ್ರದಿಂದ ಫಾಂಟಿನ ಸೂಚನೆ ತೆಗೆದೊಡನೆ ವೇಷ ಕಳಚುತ್ತದೆ: ಕನ್ನಡ ಎಂಬ ಮೂರಕ್ಷರದ ಜಾಗದಲ್ಲಿ ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡ್ ಗುರುತು, ಜರ್ಮನ್ನರ ಎಸ್ಸೆಟ್ ಅಕ್ಷರ ಎಲ್ಲ ಸಾಲಾಗಿ ನಿಲ್ಲುತ್ತವೆ. ನಾವು ಮೊದಲ ಸಲ ಸೋಸಲು ಶುರು ಮಾಡಿದ ವಾರ ಜಿಲ್ಲೆಯ ಬೇರೆ ಕಚೇರಿಗಳಿಂದ ಬಂದ ಸುತ್ತೋಲೆಗಳೆಲ್ಲ ಹೀಗಾದವು. ಕನ್ನಡ ಬೇಡವೆಂದು ಮಾಡಿದ್ದೀರಾ ಎಂದು ಕನ್ನಡ ವಿಭಾಗದ ಹಿರಿಯರೊಬ್ಬರು ಕೋಪದಿಂದ ಕೇಳಿದಾಗ ನನಗೆ ಸಂಕಟವಾಯಿತು. ತಪ್ಪು ಸೋಸುವುದರಲ್ಲಿ ಇರಲಿಲ್ಲ, ಆದರೂ ಅವರ ಕೋಪ ನ್ಯಾಯವಾಗಿತ್ತು. ಆಮೇಲೆ ಸರ್ವರಿನಲ್ಲೇ ಈ ಹಳೆಯ ಫಾಂಟುಗಳ ಕನ್ನಡವನ್ನು, ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಜೋಡಿಸಿದೆವು.

ಯೂನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೂ ಇದೆ. ಅದರಲ್ಲಿ ಕನ್ನಡ ಎಂಬ ಪದಕ್ಕೆ ಐದು ಸಂಕೇತ, ಅವನ್ನು ಬರೆದಿಡುವ ಯುಟಿಎಫ್-8 ಕ್ರಮದಲ್ಲಿ ಹದಿನೈದು ಬೈಟ್, ಅಷ್ಟೆ. ಯಾವ ಫಾಂಟಿನ ಹಂಗೂ ಇಲ್ಲದೆ ಬರಿ ಪಠ್ಯದಲ್ಲಿ ಅದು ಕನ್ನಡವಾಗಿಯೇ ಉಳಿಯುತ್ತದೆ. ಇನ್ನೂ ಹಳೆಯ ಫಾಂಟಿಗೆ ಅಂಟಿಕೊಂಡಿರುವ ಕಚೇರಿಗಳಿದ್ದರೆ, ಮೇಲ್ ಸುರಕ್ಷೆಯ ನೆಪದಲ್ಲಾದರೂ ಅವು ಬಿಡುವಂತಾಗಲಿ.

ಹೊರಗಿನಿಂದ ಬರುವುದನ್ನು ಸೋಸಿದರಷ್ಟೇ ಸಾಲದು, ನಾವು ಕಳಿಸುವುದೂ ಬದಲಾಗಬೇಕು. ಜನರಿಗೆ ಬಿಲ್ಲು, ರಸೀದಿ, ಅರ್ಜಿಯ ಸ್ಥಿತಿ ತಿಳಿಸುವ ಮೇಲ್‌ಗಳಲ್ಲಿ ನಾವೇ ಬಣ್ಣದ ಗುಂಡಿ ಇಟ್ಟು ಒತ್ತಿ ಎನ್ನುತ್ತಿದ್ದರೆ, ಗುಂಡಿ ಒತ್ತಬೇಡಿ ಎಂದು ಮರುದಿನ ಜಾಗೃತಿ ಅಭಿಯಾನ ಮಾಡುವುದು ಹೇಗೆ? ನಾಲ್ಕು ಸಾಲು ಕನ್ನಡ, ಅರ್ಜಿ ಸಂಖ್ಯೆ, ಯಾವ ಕಚೇರಿಗೆ ಬರಬೇಕು ಎಂಬ ಮಾತು, ಇಷ್ಟಿದ್ದರೆ ಸಾಕು. ನೆಟ್‌ವರ್ಕ್ ಸರಿಯಿಲ್ಲದ ಹಳ್ಳಿಯಲ್ಲೂ ಅದು ತೆರೆಯುತ್ತದೆ. ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿದೋಷವುಳ್ಳ ನೌಕರರು ನಮ್ಮ ಸಂಸ್ಥೆಯಲ್ಲೂ ಇದ್ದರು. ಮೊದಲು ಪ್ರತಿ ಪತ್ರದಲ್ಲೂ ಚಿತ್ರ, ಚಿತ್ರ, ಲಿಂಕ್, ಚಿತ್ರ ಎಂದು ಕೇಳಿಸಿಕೊಂಡ ಮೇಲೆ ವಿಷಯ ಸಿಗುತ್ತಿತ್ತು, ಈಗ ಮೊದಲ ಸಾಲಿನಿಂದಲೇ ವಿಷಯ ಎಂದು ಅವರಲ್ಲಿ ಒಬ್ಬರು ಬಂದು ಹೇಳಿದ್ದು ನನ್ನ ಸೇವೆಯಲ್ಲಿ ಸಿಕ್ಕ ದೊಡ್ಡ ಬಹುಮಾನಗಳಲ್ಲಿ ಒಂದು.

ಕಷ್ಟಗಳೂ ಇವೆ, ಮುಚ್ಚಿಡುವುದಿಲ್ಲ. ಕೋಷ್ಟಕಗಳು ಕಲಸಿಹೋಗುತ್ತವೆ, ಲೆಕ್ಕದ ಪಟ್ಟಿಗಳನ್ನು ಪ್ರತ್ಯೇಕ ಕಡತವಾಗಿ ಕಳಿಸುವ ಅಭ್ಯಾಸ ಆಗಬೇಕು. ಚಂದ ಕಾಣುವುದಿಲ್ಲ ಎಂಬ ಗೊಣಗಾಟ ಮೊದಲ ತಿಂಗಳು ಇದ್ದೇ ಇರುತ್ತದೆ. ಬರಿ ಪಠ್ಯವೂ ಸುಳ್ಳು ಹೇಳಬಲ್ಲದು: ಮೀಟಿಂಗಿನಲ್ಲಿದ್ದೇನೆ, ಈ ಖಾತೆಗೆ ಬೇಗ ಹಣ ಹಾಕಿಸಿ ಎಂದು ಸಾಹೇಬರ ಹೆಸರಿನಲ್ಲಿ ಬರುವ ಎರಡು ಸಾಲಿಗೆ ಎಚ್‌ಟಿಎಂಎಲ್ ಬೇಕಿಲ್ಲ. ಅದಕ್ಕೆ ಫೋನ್ ಮಾಡಿ ಖಚಿತಪಡಿಸಿಕೊಳ್ಳುವುದೇ ಮದ್ದು. ಖಾತೆ ಬದಲಾವಣೆಯ ಯಾವ ಕೋರಿಕೆಯನ್ನೂ ಮೇಲ್ ಒಂದರ ಮೇಲೆ ಒಪ್ಪಬಾರದು ಎಂಬ ನಿಯಮ ಆ ಕಚೇರಿಯಲ್ಲಿ ಇದ್ದಿದ್ದರೆ, ಪಾಸ್‌ವರ್ಡ್ ಹೋಗಿದ್ದರೂ ಹಣ ಉಳಿಯುತ್ತಿತ್ತು.

ಸರ್ಕಾರದ ಮುಖ್ಯ ಮೇಲ್ ಸೇವೆ ಕೇಂದ್ರ ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆಯಾದ ಎನ್‌ಐಸಿ ಕೈಯಲ್ಲಿದೆ, ನೀವೊಬ್ಬರೇ ತೀರ್ಮಾನಿಸಲು ಬರುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಅವರಿಗೆ ಬರೆದು ಕೇಳುವ ಸ್ಥಾನದಲ್ಲಿ ನೀವಿದ್ದೀರಿ. ತಮ್ಮದೇ ಸರ್ವರು ಇಟ್ಟುಕೊಂಡ ನಿಗಮ, ಮಂಡಳಿ, ವಿಶ್ವವಿದ್ಯಾಲಯಗಳಿಗೆ ಮಾರ್ಗಸೂಚಿ ಕೊಡಬಹುದು. ಹಣ ಪಾವತಿ ಮಾಡುವ ವಿಭಾಗಗಳಿಂದ ಶುರು ಮಾಡಿ. ಒಂದು ಜಿಲ್ಲೆಯಲ್ಲಿ ಆರು ತಿಂಗಳು ನಡೆಸಿ ನೋಡಿ. ಅದಕ್ಕೂ ಮೊದಲು, ನಾಳೆಯೇ ಆಗುವ ಒಂದು ಕೆಲಸವಿದೆ: ಕ್ಲಾಸಿಕ್ ಔಟ್‌ಲುಕ್, ಥಂಡರ್‌ಬರ್ಡ್, ರೌಂಡ್‌ಕ್ಯೂಬ್ ಎಂಬ ಮೇಲ್ ಪ್ರೋಗ್ರಾಮುಗಳು ಮೂರರಲ್ಲೂ ಪತ್ರಗಳನ್ನು ಬರಿ ಪಠ್ಯವಾಗಿ ತೋರಿಸುವ ಆಯ್ಕೆ ಈಗಾಗಲೇ ಇದೆ. ಅದನ್ನು ಒತ್ತಿಡಲು ಒಂದು ಸುತ್ತೋಲೆ ಸಾಕು.

ಇನ್ನೊಂದು ಕೋರಿಕೆ. ಇಂಥ ಪ್ರಕರಣಗಳಲ್ಲಿ ನೌಕರರ ಮೇಲೆ ಇಲಾಖಾ ವಿಚಾರಣೆ ನಡೆಯುವಾಗ, ಆ ಪತ್ರ ಅವರ ಪರದೆಯಲ್ಲಿ ಹೇಗೆ ಕಂಡಿತು ಎಂಬುದನ್ನು ವಿಚಾರಣಾಧಿಕಾರಿಗಳು ನೋಡಲೇಬೇಕು ಎಂದು ನಿಯಮ ಮಾಡಿಸಿ. ಹದಿನಾರು ವರ್ಷ ಒಂದು ರೂಪಾಯಿ ಹೆಚ್ಚುಕಡಿಮೆ ಮಾಡದ ಹೆಣ್ಣುಮಗಳು ಇಂದು ಸಹೋದ್ಯೋಗಿಗಳ ಮುಂದೆ ತಲೆ ತಗ್ಗಿಸಿ ಕೂರುತ್ತಿದ್ದಾರೆ. ಕಂಪ್ಯೂಟರ್ ಮುಂದೆ ಕೂತರೆ ಕೈ ನಡುಗುತ್ತದೆ ಎನ್ನುತ್ತಾರೆ. ಅವರ ವಿಚಾರಣೆ ಇನ್ನೂ ಮುಗಿದಿಲ್ಲ.

ಇಲಾಖೆಗೆ ಅನುಕೂಲವಾದ ಯಾವ ದಿನ ಕರೆದರೂ ಬೆಂಗಳೂರಿಗೆ ಬಂದು, ಸೋಸುವ ಸರ್ವರನ್ನು ನಿಮ್ಮ ತಾಂತ್ರಿಕ ಸಿಬ್ಬಂದಿಯ ಮುಂದೆ ಕಟ್ಟಿ ತೋರಿಸಲು ನಾನು ಸಿದ್ಧ. ಅದಕ್ಕೆ ಯಾವ ಸಂಭಾವನೆಯೂ ಬೇಡ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಸಿಸ್ಟಮ್ ಅಡ್ಮಿನಿಸ್ಟ್ರೇಟರ್,
ಶಿವಮೊಗ್ಗ

ಲಗತ್ತು: ಮೇಲೆ ಹೇಳಿದ ಇಮೇಲ್‌ನ ಎರಡು ಮುದ್ರಿತ ಪ್ರತಿಗಳು, ಕಚೇರಿಯ ಮತ್ತು ನೌಕರರ ಹೆಸರು ಅಳಿಸಿದ್ದು. ಮೊದಲನೆಯದು ಅವರ ಪರದೆಯಲ್ಲಿ ಕಂಡಂತೆ. ಎರಡನೆಯದು ಬರಿ ಪಠ್ಯದಲ್ಲಿ, ನಾಲ್ಕು ಸಾಲು.